ನೆನಪು ಹೋಯಿತು ಎಂದರೆ ಏನು ಹೋಯಿತು? ಪದೇ ಪದೇ ಕೇಳುವ ಪ್ರಶ್ನೆಗಳು

ಮೂರು ವರ್ಷದ ಹಿಂದೆ ಒಂದು ಗುರುವಾರ ಬೆಳಗ್ಗೆ ನಮ್ಮ ದೊಡ್ಡಪ್ಪ ತೋಟದಿಂದ ಸೊಪ್ಪಿನ ಹೊರೆ ಹೊತ್ತು ತಂದು, ಬೆವರು ಆರುವ ಮೊದಲೇ ತಣ್ಣೀರು ಸುರಿದುಕೊಂಡು ಒಳಗೆ ಬಂದರು. ಬಂದವರೇ "ಹಾಲು ಡೈರಿಗೆ ಹೋಯ್ತಾ?" ಎಂದರು. ಹೋಯ್ತು ಅಂದೆ. ಎರಡು ನಿಮಿಷ ಬಿಟ್ಟು ಮತ್ತೆ ಅದೇ ಪ್ರಶ್ನೆ. ಆಮೇಲೆ ಮತ್ತೆ. ಮಧ್ಯಾಹ್ನದವರೆಗೂ ಕೇಳುತ್ತಲೇ ಇದ್ದರು, ಪ್ರತಿ ಸಲವೂ ಮೊದಲ ಸಲ ಕೇಳುವವರ ಹಾಗೆ. ದೊಡ್ಡಮ್ಮ ದೃಷ್ಟಿ ನಿವಾಳಿಸಿದರು, ನಾನು ಕಾರು ತೆಗೆದೆ.

ಅವತ್ತು ಸಂಜೆಗೇ ಅವರು ಸರಿಹೋದರು. ನನಗೆ ಮಾತ್ರ ನೆನಪು, ಮರೆವಿನ ಬಗ್ಗೆ ಸಿಕ್ಕಿದ್ದೆಲ್ಲ ಓದುವ ಹುಚ್ಚು ಹತ್ತಿತು. ಅದು ನೆಂಟರಿಗೆ ಗೊತ್ತಾಗಿ ಮದುವೆ ಮನೆಯ ಪಂಕ್ತಿಯಲ್ಲೂ, ಫೋನಿನಲ್ಲೂ ಅವೇ ಪ್ರಶ್ನೆಗಳು ಬರುತ್ತವೆ. ಅವನ್ನು ಒಂದು ಕಡೆ ಬರೆದಿಟ್ಟಿದ್ದೇನೆ. ನಾನು ಡಾಕ್ಟರ್ ಅಲ್ಲ, ಇದು ಚಿಕಿತ್ಸೆಯ ಸಲಹೆಯೂ ಅಲ್ಲ.

## ಎಲ್ಲರೂ ಮೊದಲು ಕೇಳುವುದು

ಅಮ್ನೇಶಿಯಾ ಅಂದ್ರೆ ತಾನು ಯಾರು ಅನ್ನೋದೇ ಮರೆತುಹೋಗೋದಾ?

ಸಿನಿಮಾದಲ್ಲಿ ಹೌದು. ನಿಜದಲ್ಲಿ ಹೆಚ್ಚಾಗಿ ಇದರ ತಿರುಗುಮುರುಗು. ಮಿದುಳಿಗೆ ಪೆಟ್ಟಾಗಿ ನೆನಪು ಕಳೆದುಕೊಂಡವರಿಗೆ ತಮ್ಮ ಹೆಸರು, ಊರು, ಹೆಂಡತಿ ಮಕ್ಕಳು ಸಾಮಾನ್ಯವಾಗಿ ಗೊತ್ತಿರುತ್ತಾರೆ. ಗೊತ್ತಿಲ್ಲದಿರುವುದು ಇವತ್ತು ಬೆಳಗ್ಗೆ ಏನು ತಿಂಡಿ ತಿಂದೆ, ಎದುರು ಕೂತ ಈ ಡಾಕ್ಟರನ್ನು ಹಿಂದೆ ನೋಡಿದ್ದೇನಾ ಎಂಬುದು. ಹೊಸ ನೆನಪು ಕಟ್ಟಿಕೊಳ್ಳಲು ಆಗದ ಈ ಸ್ಥಿತಿಗೆ ಆಂಟಿರೋಗ್ರೇಡ್ ಅಮ್ನೇಶಿಯಾ ಎನ್ನುತ್ತಾರೆ. ಪೆಟ್ಟು ಬೀಳುವುದಕ್ಕೆ ಮೊದಲಿನದು ಅಳಿಸಿಹೋದರೆ ಅದು ರೆಟ್ರೋಗ್ರೇಡ್. ಒಂದನ್ನು ಮುಂದಿನ ಮರೆವು, ಇನ್ನೊಂದನ್ನು ಹಿಂದಿನ ಮರೆವು ಅಂದುಕೊಳ್ಳಿ. ಎರಡೂ ಬೇರೆ ಬೇರೆ ಅಳತೆಯಲ್ಲಿ ಒಟ್ಟಿಗೇ ಇರುವುದು ಜಾಸ್ತಿ, ಮತ್ತು ಮನೆಯವರಿಗೆ ದಿನದಿನವೂ ಕಷ್ಟ ಕೊಡುವುದು ಮುಂದಿನ ಮರೆವು.

ತಲೆಗೆ ಇನ್ನೊಂದು ಏಟು ಬಿದ್ರೆ ನೆನಪು ವಾಪಸ್ ಬರುತ್ತಂತೆ, ನಿಜಾನಾ?

ಇಲ್ಲ. ಎರಡನೇ ಏಟಿನಿಂದ ಎರಡನೇ ಗಾಯ ಆಗುತ್ತದೆ, ಅಷ್ಟೇ. ಸ್ಕೂಟರಿನಿಂದ ಬಿದ್ದು ತಲೆಗೆ ಪೆಟ್ಟಾದವರಿಗೆ ಹಿಂದಿನ ನೆನಪು ತಾನಾಗಿಯೇ ಮರಳುವುದುಂಟು. ಹಳೆಯದು ಮೊದಲು, ಅಪಘಾತಕ್ಕೆ ಹತ್ತಿರದ್ದು ಕೊನೆಗೆ. ಆದರೆ ಬೀಳುವ ಮೊದಲಿನ ಕೆಲವು ನಿಮಿಷಗಳು ಎಷ್ಟೋ ಜನರಿಗೆ ಬರುವುದೇ ಇಲ್ಲ, ಯಾಕೆಂದರೆ ಅವು ಗಟ್ಟಿಯಾಗಿ ಕೂರಲು ಸಮಯವೇ ಸಿಕ್ಕಿರುವುದಿಲ್ಲ.

ಅಡುಗೆ ಮನೆಗೆ ಹೋದ್ಮೇಲೆ ಯಾಕೆ ಬಂದೆ ಅಂತ ಮರೆತುಹೋಗುತ್ತೆ. ನನಗೂ ಶುರುವಾಯ್ತಾ?

ಈ ಪ್ರಶ್ನೆ ಕೇಳುವವರಲ್ಲಿ ಮೂವತ್ತು ದಾಟದವರೂ ಇದ್ದಾರೆ! ಹೊರಟಾಗ ತಲೆಯಲ್ಲಿ ಒಂದೇ ಎಳೆ ಇತ್ತು, ದಾರಿಯಲ್ಲಿ ಫೋನ್ ಸದ್ದಾಯಿತು, ಆ ಎಳೆ ಜಾರಿತು. ಇದು ಗಮನ ತಪ್ಪಿದ್ದು, ನೆನಪಿನ ಕಾಯಿಲೆ ಅಲ್ಲ. ಮೊದಲು ಕೂತಿದ್ದ ಜಾಗಕ್ಕೆ ವಾಪಸ್ ಹೋಗಿ ನಿಂತರೆ ಥಟ್ಟನೆ ಹೊಳೆಯುತ್ತದೆ, ಅಲ್ವಾ? ಅಂದರೆ ನೆನಪು ಅಳಿಸಿರಲಿಲ್ಲ, ಎಳೆದು ತರುವ ಕೊಂಡಿ ಬೇಕಿತ್ತು. ದುಷ್ಯಂತನಿಗೆ ಉಂಗುರ ಕಂಡ ಕೂಡಲೇ ಶಕುಂತಲೆ ನೆನಪಾದಳು. ಶಾಪದ ಮಾತು ಬಿಟ್ಟುಬಿಡಿ, ಉಂಗುರದ ಭಾಗ ಮಾತ್ರ ಮಿದುಳಿನ ವಿಚಾರಕ್ಕೆ ಸರಿಯಾಗಿಯೇ ಇದೆ.

ಅರವತ್ತಕ್ಕೆ ಅರಳು ಮರಳು ಅಂತಾರಲ್ಲ, ವಯಸ್ಸಾದ ಮೇಲೆ ಇದೆಲ್ಲ ಮಾಮೂಲಿ ಅಲ್ವಾ?

ಈ ಗಾದೆಯ ಮೇಲೆ ನನಗೆ ಸಿಟ್ಟಿದೆ. ಇದನ್ನು ಹೇಳಿಕೊಂಡೇ ಎಷ್ಟೋ ಮನೆಗಳಲ್ಲಿ ಎರಡು ಮೂರು ವರ್ಷ ತಡವಾಗಿ ಡಾಕ್ಟರ್ ಹತ್ತಿರ ಹೋಗುತ್ತಾರೆ. ವಯಸ್ಸಾದಂತೆ ಹೆಸರು ನೆನಪಾಗುವುದು ನಿಧಾನವಾಗುತ್ತದೆ, ನಿಜ. ಹುಳಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂಬ ಅನುಮಾನ ಯಾರಿಗಾದರೂ ಬರುತ್ತದೆ. ನಲವತ್ತು ವರ್ಷ ಹುಳಿ ಮಾಡಿದವರಿಗೆ ಬೇಳೆ ಬೆಂದ ಮೇಲೆ ಮುಂದೇನು ಎಂಬುದೇ ತೋಚದೆ ನಿಂತರೆ ಅದು ಮಾಮೂಲಿ ಅಲ್ಲ.

ಡಿಮೆನ್ಷಿಯಾಕ್ಕೂ ಅಮ್ನೇಶಿಯಾಕ್ಕೂ ಇರುವ ವ್ಯತ್ಯಾಸವೂ ಇಲ್ಲೇ ಇದೆ. ಅಮ್ನೇಶಿಯಾದಲ್ಲಿ ಹೋಗುವುದು ಮುಖ್ಯವಾಗಿ ನೆನಪು ಒಂದೇ, ಮಾತು, ಲೆಕ್ಕ, ಬುದ್ಧಿ ಉಳಿದಿರುತ್ತವೆ. ಡಿಮೆನ್ಷಿಯಾದಲ್ಲಿ ದಾರಿ, ಮಾತು, ದುಡ್ಡಿನ ವ್ಯವಹಾರ, ಸ್ವಭಾವ ಎಲ್ಲ ಒಂದೊಂದಾಗಿ ಸಡಿಲವಾಗುತ್ತವೆ. ಡಿಮೆನ್ಷಿಯಾಕ್ಕೆ ಕಾರಣಗಳು ಹಲವು, ಅವುಗಳಲ್ಲಿ ಹೆಚ್ಚು ಕಾಣುವುದು ಅಲ್ಜೈಮರ್. ಅಲೋಯಿಸ್ ಅಲ್ಜೈಮರ್ 1901ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ನೋಡಿದ, 1906ರಲ್ಲಿ ವೈದ್ಯರ ಸಭೆಯೊಂದರಲ್ಲಿ ವಿವರಿಸಿದ ಆ ಮೊದಲ ರೋಗಿ ಆಗುಸ್ಟೆ ಡೆಟರ್‌ಗೆ ಆಗ ಬರೀ 51 ವರ್ಷ. ಅರವತ್ತರ ಗಾದೆ ಆಕೆಯ ವಿಷಯದಲ್ಲೇ ಸುಳ್ಳಾಗಿತ್ತು.

ನಮ್ಮ ಕಡೆಯವರಲ್ಲಿ ವಯಸ್ಸಿನ ಜತೆ ಮಿದುಳು ಹೇಗೆ ಬದಲಾಗುತ್ತದೆ ಎಂಬುದನ್ನು ಬೆಂಗಳೂರಿನ ಐಐಎಸ್‌ಸಿ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ, 45 ದಾಟಿದವರನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡುತ್ತಿದೆ. ಪಶ್ಚಿಮದ ಲೆಕ್ಕವನ್ನೇ ನಮಗೂ ಹಚ್ಚುವುದು ಇನ್ನಾದರೂ ಕಮ್ಮಿಯಾಗಬಹುದು.

ತೀರಾ ಚಿಕ್ಕವರಿದ್ದಾಗಿನದು ಯಾಕೆ ಯಾರಿಗೂ ನೆನಪಿಲ್ಲ?

ಕಿವಿ ಚುಚ್ಚಿಸಿದ್ದು ನನಗೆ ಚೆನ್ನಾಗಿ ನೆನಪಿದೆ ಎನ್ನುವವರಿಗೆ ನೆನಪಿರುವುದು ಹೆಚ್ಚಾಗಿ ಆಲ್ಬಮ್ಮಿನ ಫೋಟೊ. ದೊಡ್ಡವರನ್ನು ಕೇಳಿದರೆ ಮೊದಲ ನೆನಪು ಸರಾಸರಿ ಮೂರು, ಮೂರೂವರೆ ವರ್ಷದ ಆಸುಪಾಸಿನದು. ನೆನಪು ಕಟ್ಟುವ ಮಿದುಳಿನ ಭಾಗ ಆ ವಯಸ್ಸಿನಲ್ಲಿ ಇನ್ನೂ ತಯಾರಾಗುತ್ತಿರುತ್ತದೆ, ಆದದ್ದನ್ನು ಕತೆಯಾಗಿ ಹಿಡಿದಿಡಲು ಮಾತೂ ಸಾಲದು. ಮನೆಯ ವಾತಾವರಣವೂ ಸೇರುತ್ತದೆ. ನ್ಯೂಜಿಲೆಂಡ್‌ನ ಮಾವೊರಿ ಜನರ ಮೊದಲ ನೆನಪುಗಳು ಉಳಿದವರಿಗಿಂತ ಚಿಕ್ಕ ವಯಸ್ಸಿನವು ಎಂದು 2000ದಲ್ಲಿ ಬಂದ ಒಂದು ಅಧ್ಯಯನ ತೋರಿಸಿತು. ಅವರಲ್ಲಿ ಹಳೆಯದನ್ನು ಮಕ್ಕಳ ಮುಂದೆ ಬಿಡಿಸಿ ಬಿಡಿಸಿ ಹೇಳುವ ರೂಢಿ ಜಾಸ್ತಿ.

## ನೆನಪು ಕೆಲಸ ಮಾಡುವ ಬಗೆ

ನೆನಪು ಮಿದುಳಲ್ಲಿ ಎಲ್ಲಿರುತ್ತೆ? ಒಂದೇ ಕಡೆನಾ?

ಇದಕ್ಕೆ ಉತ್ತರ ಸಿಕ್ಕಿದ್ದೇ ಒಂದು ದೊಡ್ಡ ಎಡವಟ್ಟಿನಿಂದ. ಅಮೆರಿಕದ ಕನೆಕ್ಟಿಕಟ್‌ನ ಹೆನ್ರಿ ಮೊಲೈಸನ್ ಎಂಬ ಯುವಕನಿಗೆ ಮೂರ್ಛೆರೋಗ ವಿಪರೀತವಾಗಿತ್ತು, ಕೆಲಸಕ್ಕೂ ಹೋಗಲಾಗದಷ್ಟು. 1953ರಲ್ಲಿ, ಆತನಿಗೆ 27 ವರ್ಷ ಇದ್ದಾಗ, ವಿಲಿಯಂ ಸ್ಕೋವಿಲ್ ಎಂಬ ಸರ್ಜನ್ ಮಿದುಳಿನ ಎರಡೂ ಪಕ್ಕದಿಂದ ಹಿಪೊಕ್ಯಾಂಪಸ್‌ನ ದೊಡ್ಡ ಪಾಲನ್ನೂ ಅದರ ಅಕ್ಕಪಕ್ಕದ್ದನ್ನೂ ತೆಗೆದುಹಾಕಿದರು. ಹಿಪೊಕ್ಯಾಂಪಸ್ ಅಂದರೆ ಗ್ರೀಕಿನಲ್ಲಿ ಕಡಲ್ಗುದುರೆ, ಆಕಾರ ಹಾಗಿದೆ. ಕಿವಿಯ ಮಟ್ಟಕ್ಕೆ, ಒಳಗಡೆ, ಎರಡೂ ಬದಿಗೆ ಒಂದೊಂದು.

ಮೂರ್ಛೆ ಕಮ್ಮಿಯಾಯಿತು. ಬುದ್ಧಿ ಮೊದಲಿನಷ್ಟೇ ಚುರುಕಾಗಿತ್ತು, ನಡತೆ ಮೃದು, ತಮಾಷೆ ಹಾಗೇ ಇತ್ತು. ಆದರೆ ಹೊಸ ನೆನಪು ಕಟ್ಟುವುದು ಅಲ್ಲಿಗೇ ನಿಂತಿತು. ಬ್ರೆಂಡಾ ಮಿಲ್ನರ್ ಎಂಬ ಮನೋವಿಜ್ಞಾನಿ ವರ್ಷಗಟ್ಟಲೆ ಬಂದು ಪರೀಕ್ಷೆ ಮಾಡಿದರು, ಪ್ರತಿ ಸಲ ಆತನಿಗೆ ಆಕೆ ಹೊಸಬರೇ. 1957ರಲ್ಲಿ ಸ್ಕೋವಿಲ್ ಮತ್ತು ಮಿಲ್ನರ್ ಸೇರಿ ಬರೆದ ಪ್ರಬಂಧದಿಂದಲೇ ಹೊಸ ನೆನಪಿಗೆ ಹಿಪೊಕ್ಯಾಂಪಸ್ ಬೇಕೇ ಬೇಕು ಎಂದು ಜಗತ್ತಿಗೆ ಖಚಿತವಾಯಿತು. ಬದುಕಿದ್ದಷ್ಟು ದಿನ ಆತನನ್ನು ಎಚ್.ಎಂ. ಎಂದಷ್ಟೇ ಕರೆಯುತ್ತಿದ್ದರು. 2008ರಲ್ಲಿ, 82ನೇ ವಯಸ್ಸಿನಲ್ಲಿ ತೀರಿಕೊಂಡ ಮೇಲೆ ಪೂರ್ತಿ ಹೆಸರು ಹೊರಬಂತು. ಮರುವರ್ಷ ಸ್ಯಾನ್ ಡಿಯಾಗೊದಲ್ಲಿ ಆ ಮಿದುಳನ್ನು 2,401 ತೆಳು ಹೋಳುಗಳಾಗಿ ಕತ್ತರಿಸಿ ಇಟ್ಟರು. ಐವತ್ತಕ್ಕೂ ಹೆಚ್ಚು ವರ್ಷ ತನ್ನ ಮೇಲೆ ಪ್ರಯೋಗ ಮಾಡಲು ಬಿಟ್ಟ ಮನುಷ್ಯ, ಅಷ್ಟೂ ವರ್ಷ ಅದು ಆತನಿಗೆ ನೆನಪಿರಲಿಲ್ಲ.

ಆತನ ಬಾಲ್ಯದ ನೆನಪುಗಳು ಬಹಳಷ್ಟು ಉಳಿದಿದ್ದವು, ಇದೇ ಮುಖ್ಯ. ಹಿಪೊಕ್ಯಾಂಪಸ್ಸೇ ಉಗ್ರಾಣ ಆಗಿದ್ದರೆ ಅವೂ ಹೋಗಬೇಕಿತ್ತು. ಹಾಗಾಗಿ ಅದನ್ನು ಉಗ್ರಾಣ ಅನ್ನುವುದಕ್ಕಿಂತ ಪಟ್ಟಿ ಬರೆಯುವ ಶಾನುಭೋಗ ಅನ್ನುವುದು ವಾಸಿ. ಕಂಡದ್ದು, ಕೇಳಿದ್ದು, ವಾಸನೆ, ಭಯ ಇವೆಲ್ಲ ಮಿದುಳಿನ ಹೊರಪದರದಲ್ಲಿ ಅಲ್ಲಲ್ಲಿ ಚದುರಿರುತ್ತವೆ, ಯಾವುದರ ಜತೆ ಯಾವುದು ಎಂದು ಗಂಟು ಹಾಕುವವನು ಇವನು.

ಎಲ್ಲ ಮರೆತವರಿಗೂ ಸೈಕಲ್ ಹೊಡೆಯೋದು, ಹಾಡೋದು ಹೇಗೆ ಮರೆಯಲ್ಲ?

ಯಾಕೆಂದರೆ ಅದು ಬೇರೆ ನೆನಪು, ಬೇರೆ ಜಾಗ. ಮಿಲ್ನರ್ ಹೆನ್ರಿಗೆ ಒಂದು ಕೆಲಸ ಕೊಟ್ಟರು. ಜೋಡಿ ಗೆರೆಯ ನಕ್ಷತ್ರದ ನಡುವೆ ಪೆನ್ಸಿಲ್ ಎಳೆಯಬೇಕು, ಆದರೆ ಕೈಯನ್ನು ಕನ್ನಡಿಯಲ್ಲಿ ಮಾತ್ರ ನೋಡಬೇಕು. ಎಂಥವರಿಗೂ ಮೊದಲು ಕೈ ಅಡ್ಡಾದಿಡ್ಡಿ ಹೋಗುತ್ತದೆ. ಹೆನ್ರಿ ಮೂರು ದಿನದಲ್ಲಿ ಚೆನ್ನಾಗಿ ಕಲಿತ, ಆದರೆ ಮೂರನೇ ದಿನವೂ ಇದನ್ನು ಹಿಂದೆ ಮಾಡಿದ ನೆನಪೇ ಆತನಿಗಿಲ್ಲ! ಕೈ ಕಲಿತಿತ್ತು, ಆತನಿಗೆ ಗೊತ್ತಿರಲಿಲ್ಲ. ಕೈಚಳಕದ ಕಲಿಕೆಗೆ ಮಿದುಳಿನ ಆಳದ ಬೇಸಲ್ ಗ್ಯಾಂಗ್ಲಿಯಾ ಮತ್ತು ಹಿಂದಲೆಯ ಕಿರುಮಿದುಳು ಸಾಕು.

ಬ್ರಿಟನ್ನಿನ ಸಂಗೀತಗಾರ ಕ್ಲೈವ್ ವೇರಿಂಗ್ ಅವರದು ಇನ್ನೂ ಕಠೋರ. 1985ರಲ್ಲಿ ಹರ್ಪಿಸ್ ವೈರಸ್ ಮಿದುಳಿಗೆ ಏರಿ ಹಿಪೊಕ್ಯಾಂಪಸ್ ಹಾಳಾಯಿತು. ಅರ್ಧ ನಿಮಿಷಕ್ಕಿಂತ ಹಿಂದಿನದು ಕೈಗೆ ಸಿಗುವುದಿಲ್ಲ. ಡೈರಿ ತುಂಬ ಈಗ ತಾನೇ ಮೊದಲ ಸಲ ಎಚ್ಚರವಾದೆ ಎಂಬ ಸಾಲು, ಮತ್ತೆ ಅದನ್ನು ಹೊಡೆದುಹಾಕಿ ಕೆಳಗೆ ಅದೇ ಸಾಲು. ಆದರೂ ಪಿಯಾನೊ ಮುಂದೆ ಕೂರಿಸಿದರೆ ನುಡಿಸುತ್ತಿದ್ದರು, ಗಾಯಕರ ಗುಂಪನ್ನು ನಡೆಸುತ್ತಿದ್ದರು. ಹೆಂಡತಿಯನ್ನು ಕಂಡರೆ, ಐದು ನಿಮಿಷದ ಹಿಂದಷ್ಟೇ ಕಂಡಿದ್ದರೂ, ವರ್ಷಗಳ ನಂತರ ಸಿಕ್ಕವರ ಹಾಗೆ ಅಪ್ಪಿಕೊಳ್ಳುತ್ತಿದ್ದರು.

ನಮ್ಮ ಮಗ್ಗಿಯೂ ಅರ್ಧ ಇದೇ ಜಾತಿಯದು. ಏಳೆಂಟ್ಲ ಎಷ್ಟು ಎಂದು ದಿಢೀರ್ ಕೇಳಿದರೆ ತಡವರಿಸಿ ಏಳೊಂದ್ಲ ಏಳರಿಂದ ರಾಗ ಹಿಡಿದು ಬರುವವರು ಎಷ್ಟು ಜನ ಇಲ್ಲ!

"ಶಾರ್ಟ್ ಟರ್ಮ್ ಮೆಮೊರಿ ಲಾಸ್" ಅಂತಾರಲ್ಲ, ಅದೇ ತಾನೇ ಇದು?

ಎಲ್ಲರೂ ಹಾಗೇ ಹೇಳುತ್ತಾರೆ, ಆದರೆ ಹೆಸರು ತಪ್ಪು. ಮನೋವಿಜ್ಞಾನದಲ್ಲಿ ಶಾರ್ಟ್ ಟರ್ಮ್ ಎಂದರೆ ಕೆಲವು ಸೆಕೆಂಡು ತಲೆಯಲ್ಲಿ ಹಿಡಿದಿಡುವುದು, ಒಬ್ಬರು ಹೇಳಿದ ಓಟಿಪಿಯನ್ನು ಒತ್ತುವವರೆಗೆ. ಅದು ಅಮ್ನೇಶಿಯಾದವರಲ್ಲಿ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ, ಅದಕ್ಕೇ ಅವರು ಮಾತುಕತೆ ಆಡಬಲ್ಲರು. ಕೆಡುವುದು ಅಲ್ಲಿಂದ ಮುಂದಕ್ಕೆ ದಾಟಿಸುವ ಕೆಲಸ.

ಹಿಡಿದಿಡುವ ಈ ಜಾಗ ತುಂಬ ಚಿಕ್ಕದು. 1956ರಲ್ಲಿ ಜಾರ್ಜ್ ಮಿಲ್ಲರ್ ಎಂಬ ಮನೋವಿಜ್ಞಾನಿ ಇದರಲ್ಲಿ ಹಿಡಿಯುವುದು ಏಳು ಸಂಗತಿ, ಎರಡು ಹೆಚ್ಚುಕಮ್ಮಿ ಎಂದರು. ಈಚಿನವರು ನಾಲ್ಕೇ ಎನ್ನುತ್ತಾರೆ. ಹಾಗಾದರೆ ಹತ್ತು ಅಂಕಿಯ ಮೊಬೈಲ್ ನಂಬರ್ ಹೇಗೆ ಹಿಡಿಯುತ್ತೇವೆ? ಗಂಟು ಕಟ್ಟಿ. ಕರ್ನಾಟಕದಲ್ಲಿ ಮೊದಮೊದಲು ಮೊಬೈಲ್ ಕೊಂಡವರ ಕಾಲದವರಿಗೆ 98450 ಐದು ಅಂಕಿ ಅಲ್ಲ, ಒಂದೇ ಗಂಟು.

ಬೆಳಗ್ಗೆ ತಿಂದಿದ್ದು ಮರೆತವರಿಗೆ ಐವತ್ತು ವರ್ಷದ ಹಿಂದಿಂದು ಹೇಗೆ ಅಷ್ಟು ಸ್ಪಷ್ಟ?

1881ರಲ್ಲೇ ಫ್ರಾನ್ಸಿನ ಥಿಯೊಡ್ಯೂಲ್ ರಿಬೊ ಇದನ್ನು ಗಮನಿಸಿದ್ದರು: ಮಿದುಳು ಕೆಟ್ಟಾಗ ಹೊಸ ನೆನಪು ಮೊದಲು ಹೋಗುತ್ತದೆ, ಹಳೆಯದು ಕೊನೆಗೆ. ನೆನಪು ಆದ ತಕ್ಷಣ ಹಸಿ ಸಿಮೆಂಟಿನ ಹಾಗಿರುತ್ತದೆ. ದಿನ, ತಿಂಗಳು, ಕೆಲವೊಮ್ಮೆ ವರ್ಷಗಳ ಕಾಲ ಅದು ಗಟ್ಟಿಯಾಗುತ್ತಾ, ಹಿಪೊಕ್ಯಾಂಪಸ್ಸಿನ ಹಂಗು ಕಮ್ಮಿ ಮಾಡಿಕೊಳ್ಳುತ್ತಾ ಹೋಗುತ್ತದೆ. ನಿದ್ದೆಯಲ್ಲಿ ಈ ಕೆಲಸ ಜೋರು. ಹಗಲಿನದನ್ನು ಮಿದುಳು ಮತ್ತೆ ಮತ್ತೆ ಓಡಿಸಿ ನೋಡುತ್ತದೆ, ಇಲಿಗಳ ಮಿದುಳಿನಲ್ಲಿ ಇದನ್ನು ನೇರವಾಗಿಯೇ ಅಳೆದಿದ್ದಾರೆ. ಅದಲ್ಲದೆ ಹಳೆಯದನ್ನು ನೂರಾರು ಸಲ ಹೇಳಿರುತ್ತೇವೆ. ಅಜ್ಜ ಹೇಳುವ ಕಾಲೇಜು ದಿನದ ಕತೆ ನೆನಪಷ್ಟೇ ಅಲ್ಲ, ಸವೆದು ನುಣುಪಾದ ಪಾಠವೂ ಹೌದು.

ಓದಿದ್ದೆಲ್ಲ ಪರೀಕ್ಷೆ ಹಾಲ್‌ನಲ್ಲಿ ಮಾಯ. ಏನು ಮಾಡೋದು?

ಓದುವುದು ಕಮ್ಮಿ ಮಾಡಿ, ನಿಮ್ಮನ್ನು ನೀವೇ ಕೇಳಿಕೊಳ್ಳುವುದು ಜಾಸ್ತಿ ಮಾಡಿ. ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ತೋರಿಸಿದ್ದು ಇದು: ಐದು ನಿಮಿಷದ ನಂತರ ಕೇಳಿದರೆ ಮತ್ತೆ ಮತ್ತೆ ಓದಿದವರೇ ಮುಂದು. ವಾರದ ನಂತರ ಕೇಳಿದರೆ, ಪುಸ್ತಕ ಮುಚ್ಚಿ ನೆನಪಿಸಿಕೊಂಡು ಬರೆದವರು ಮುಂದು. ಓದುವಾಗ ಸುಲಭ ಅನ್ನಿಸುವುದೇ ಮೋಸ. ಇನ್ನೊಂದು, ಬಿಡುವು ಕೊಟ್ಟು ಓದಿ. ಅರ್ಥವಿಲ್ಲದ ಅಕ್ಷರದ ತುಣುಕುಗಳನ್ನು ಸಾವಿರಾರು ಸಲ ಬಾಯಿಪಾಠ ಮಾಡಿ ತನ್ನ ಮೇಲೇ ಪ್ರಯೋಗ ಮಾಡಿಕೊಂಡ ಜರ್ಮನಿಯ ಹರ್ಮನ್ ಎಬಿಂಗ್‌ಹಾಸ್ 1885ರಲ್ಲೇ ಹೇಳಿದ್ದರು, ನೆನಪು ಮೊದಲ ಗಂಟೆಗಳಲ್ಲೇ ದಬದಬ ಇಳಿಯುತ್ತದೆ, ಆಮೇಲೆ ನಿಧಾನ. ಎಸ್ಸೆಸ್ಸೆಲ್ಸಿ ಹಿಂದಿನ ರಾತ್ರಿ ಪೂರ್ತಿ ಎಚ್ಚರ ಇದ್ದು ಓದುವುದು ಎರಡೂ ಕಡೆ ನಷ್ಟ, ಬಿಡುವೂ ಇಲ್ಲ, ನಿದ್ದೆಯೂ ಇಲ್ಲ.

ಕಣ್ಣಾರೆ ಕಂಡಿದ್ದು ಹೇಗ್ರೀ ಸುಳ್ಳಾಗುತ್ತೆ?

ಆಗುತ್ತದೆ. 1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಕೆಲವರಿಗೆ ಕಾರು ಅಪಘಾತದ ದೃಶ್ಯ ತೋರಿಸಿದರು. ಕಾರುಗಳು "ತಾಗಿದಾಗ" ವೇಗ ಎಷ್ಟಿತ್ತು ಎಂದು ಕೆಲವರಿಗೆ, "ನುಜ್ಜುಗುಜ್ಜಾದಾಗ" ಎಷ್ಟಿತ್ತು ಎಂದು ಇನ್ನು ಕೆಲವರಿಗೆ ಕೇಳಿದರು. ಎರಡನೆಯವರು ವೇಗ ಜಾಸ್ತಿ ಹೇಳಿದರು. ವಾರ ಬಿಟ್ಟು ಒಡೆದ ಗಾಜು ನೋಡಿದಿರಾ ಎಂದು ಕೇಳಿದಾಗ, ನುಜ್ಜುಗುಜ್ಜಿನ ಗುಂಪಿನ 50 ಜನರಲ್ಲಿ 16 ಮಂದಿ ಹೌದು ಎಂದರು. ಮೃದುವಾಗಿ ಕೇಳಿದ ಗುಂಪಿನ 50ರಲ್ಲಿ 7 ಮಂದಿ. ದೃಶ್ಯದಲ್ಲಿ ಗಾಜು ಒಡೆದೇ ಇರಲಿಲ್ಲ.

ನೆನಪು ವಿಡಿಯೊ ಅಲ್ಲ. ಪ್ರತಿ ಸಲ ತುಣುಕುಗಳನ್ನು ಸೇರಿಸಿ ಹೊಸದಾಗಿ ಕಟ್ಟುತ್ತೇವೆ. ಕರೀಂ ನಾಡರ್ ಮತ್ತು ಸಂಗಡಿಗರು 2000ದಲ್ಲಿ ಇಲಿಗಳಲ್ಲಿ ತೋರಿಸಿದ ಹಾಗೆ, ಗಟ್ಟಿಯಾದ ನೆನಪೂ ಹೊರತೆಗೆದಾಗ ಮತ್ತೆ ಸ್ವಲ್ಪ ಹೊತ್ತು ಮೆತ್ತಗಾಗುತ್ತದೆ, ಒಳಗಿಡುವಾಗ ಇನ್ನೊಮ್ಮೆ ಗಟ್ಟಿ ಮಾಡಬೇಕಾಗುತ್ತದೆ. ಆ ಹೊತ್ತಿನಲ್ಲಿ ಬೇರೆಯವರ ಮಾತು ಅದರೊಳಗೆ ಸೇರಿಬಿಡಬಹುದು. ಅಣ್ಣ ತಮ್ಮಂದಿರು ಪಾಲಿನ ಜಗಳದಲ್ಲಿ ಅಪ್ಪ ಹೇಳಿದ್ದು ಹೀಗೆ, ಅಲ್ಲ ಹಾಗೆ ಎಂದು ಕಿತ್ತಾಡುವಾಗ ಇಬ್ಬರೂ ಸುಳ್ಳು ಹೇಳುತ್ತಿಲ್ಲದೆ ಇರುವುದು ಪೂರ್ತಿ ಸಾಧ್ಯ.

## ಕಾಯಿಲೆ, ಆಸ್ಪತ್ರೆ, ಮನೆ

ನಿಮ್ಮ ದೊಡ್ಡಪ್ಪನಿಗೆ ಆಗಿದ್ದಾದ್ರೂ ಏನು?

ಟ್ರಾನ್ಸಿಯೆಂಟ್ ಗ್ಲೋಬಲ್ ಅಮ್ನೇಶಿಯಾ, ಚಿಕ್ಕದಾಗಿ ಟಿಜಿಎ. ಸಾಮಾನ್ಯವಾಗಿ ಐವತ್ತು ದಾಟಿದವರಿಗೆ, ಇದ್ದಕ್ಕಿದ್ದಂತೆ. ಹೊಸ ನೆನಪು ಕಟ್ಟುವುದು ಕೆಲವು ಗಂಟೆ ನಿಲ್ಲುತ್ತದೆ, 24 ಗಂಟೆ ಒಳಗೆ ಸರಿಹೋಗುತ್ತದೆ. ಮನುಷ್ಯ ನಡೆಯುತ್ತಾನೆ, ಮಾತಾಡುತ್ತಾನೆ, ಎಲ್ಲರ ಗುರುತು ಹಿಡಿಯುತ್ತಾನೆ, ಆದರೆ ಒಂದೇ ಪ್ರಶ್ನೆ ಸುತ್ತಿ ಸುತ್ತಿ ಕೇಳುತ್ತಾನೆ. ತಣ್ಣೀರು, ಭಾರ ಎತ್ತುವುದು, ಜೋರು ಜಗಳ ಅಥವಾ ಆಘಾತ, ಲೈಂಗಿಕ ಕ್ರಿಯೆ ಇಂಥವುಗಳ ಬೆನ್ನಿಗೆ ಬರುವುದುಂಟು. ಒಂದು ಎರಡು ದಿನದ ನಂತರ ಎಂಆರ್‌ಐ ಮಾಡಿದರೆ ಹಿಪೊಕ್ಯಾಂಪಸ್ಸಿನಲ್ಲಿ ಸಾಸಿವೆಯಂಥ ಚುಕ್ಕಿ ಕಾಣುವುದುಂಟು, ಆಮೇಲೆ ಅದೂ ಮಾಯ. ಹೆಚ್ಚಿನವರಿಗೆ ಮತ್ತೆ ಬರುವುದಿಲ್ಲ.

ಆದರೆ ಮನೆಯಲ್ಲಿ ಕೂತು ಇದು ಟಿಜಿಎ ಎಂದು ನಿರ್ಧರಿಸಬೇಡಿ. ಪಾರ್ಶ್ವವಾಯು, ಸಣ್ಣ ಮೂರ್ಛೆ, ಸಕ್ಕರೆ ಇಳಿದದ್ದು ಕೂಡ ಹೀಗೆ ಕಾಣಬಹುದು. ಬಾಯಿ ಸೊಟ್ಟ, ಕೈ ಸೋಲುವುದು, ಮಾತು ತೊದಲುವುದು ಇದ್ದರಂತೂ ನಿಮಿಷ ತಡ ಮಾಡದೆ 108. ನಾವು ಹೋದ ಮೊದಲ ಆಸ್ಪತ್ರೆಯಲ್ಲಿ "ವಯಸ್ಸಾಯ್ತಲ್ಲ" ಎಂದು ನಿದ್ದೆ ಮಾತ್ರೆ ಬರೆದು ಕಳಿಸಲು ಹೊರಟಿದ್ದರು. ಎರಡನೇ ಕಡೆ ಸರಿಯಾಗಿ ನೋಡಿದರು.

ಕುಡಿದವರಿಗೆ ಹಿಂದಿನ ರಾತ್ರಿಯದು ನೆನಪಿರಲ್ಲ. ಅದೂ ಇದೇನಾ?

ಒಂದು ರಾತ್ರಿಯದು ಬೇರೆ. ಆಗ ಮದ್ಯ ಹಿಪೊಕ್ಯಾಂಪಸ್ಸನ್ನು ಅಷ್ಟು ಹೊತ್ತು ಮಲಗಿಸಿರುತ್ತದೆ, ಆದದ್ದು ದಾಖಲೇ ಆಗಿರುವುದಿಲ್ಲ, ಹಾಗಾಗಿ ಆಮೇಲೆ ಎಷ್ಟು ಕೆದಕಿದರೂ ಬರುವುದಿಲ್ಲ. ವರ್ಷಗಟ್ಟಲೆ ಕುಡಿದು, ಊಟ ಬಿಟ್ಟವರಿಗೆ ಬರುವುದು ಕೊರ್ಸಕೋಫ್ ಸಿಂಡ್ರೋಮ್, ರಷ್ಯಾದ ಸೆರ್ಗೆಯ್ ಕೊರ್ಸಕೋಫ್ 1887ರಲ್ಲಿ ವಿವರಿಸಿದ್ದು. ಇಲ್ಲಿ ಅಸಲಿ ಕಾರಣ ಬಿ1 ವಿಟಮಿನ್, ಅಂದರೆ ಥಯಾಮಿನ್, ಇಲ್ಲದಿರುವುದು. ಅದಕ್ಕೇ ಕುಡಿಯದವರಿಗೂ, ವಿಪರೀತ ವಾಂತಿಯಾಗುವ ಬಸುರಿಗೂ ಇದು ಬರಬಹುದು. ಮೊದಲ ಹಂತದಲ್ಲಿ ಕಣ್ಣು ಅದುರುವುದು, ನಡಿಗೆ ತಪ್ಪುವುದು, ಗೊಂದಲ ಕಂಡಾಗ ಥಯಾಮಿನ್ ಇಂಜೆಕ್ಷನ್ ಕೊಟ್ಟರೆ ಉಳಿಸಿಕೊಳ್ಳಬಹುದು, ಆಮೇಲೆ ಕಷ್ಟ.

ಈ ರೋಗಿಗಳು ಖಾಲಿ ಜಾಗವನ್ನು ಕತೆಯಿಂದ ತುಂಬುತ್ತಾರೆ. ತಿಂಗಳಿಂದ ವಾರ್ಡಿನಲ್ಲೇ ಇರುವವರು ನಿನ್ನೆ ಸಂತೆಗೆ ಹೋಗಿದ್ದೆ, ಎತ್ತಿನ ವ್ಯಾಪಾರ ಆಯಿತು ಎನ್ನುತ್ತಾರೆ. ಸುಳ್ಳುಗಾರ ಎಂದು ಬೈಯಬೇಡಿ, ಅವರಿಗೆ ಅದು ನಿಜ.

ಯಾವ ಮರೆವು ಔಷಧಿಯಿಂದ ಗುಣ ಆಗುತ್ತೆ?

ಬಹಳ ಜನ ಅಂದುಕೊಂಡಿದ್ದಕ್ಕಿಂತ ಜಾಸ್ತಿ. ಬಿ12 ಕೊರತೆ ನಮ್ಮಲ್ಲಿ ಸಾಮಾನ್ಯ, ಶುದ್ಧ ಸಸ್ಯಾಹಾರಿಗಳಲ್ಲಂತೂ. ಸಕ್ಕರೆ ಕಾಯಿಲೆಗೆ ವರ್ಷಾನುಗಟ್ಟಲೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲೂ ಅದು ಇಳಿಯುತ್ತದೆ. ಥೈರಾಯ್ಡ್, ಖಿನ್ನತೆ, ಸರಿಯಾಗಿ ಕಿವಿ ಕೇಳದಿರುವುದು, ಬಚ್ಚಲಲ್ಲಿ ಜಾರಿ ಬಿದ್ದ ಕೆಲವು ವಾರದ ಮೇಲೆ ಮಿದುಳಿನ ಹೊರಗೆ ಕಟ್ಟಿಕೊಂಡ ರಕ್ತ, ನಿದ್ದೆ ಮಾತ್ರೆ, ಕೆಲವು ನೆಗಡಿ ಮಾತ್ರೆ ಇವೆಲ್ಲ ಮರೆವಿನ ವೇಷದಲ್ಲಿ ಬರುತ್ತವೆ. ಅದಕ್ಕೇ ಮೊದಲು ರಕ್ತ ಪರೀಕ್ಷೆ, ತಿನ್ನುತ್ತಿರುವ ಎಲ್ಲ ಮಾತ್ರೆಗಳ ಚೀಟಿ ಡಾಕ್ಟರ್ ಮುಂದೆ. ಹಿಪೊಕ್ಯಾಂಪಸ್ಸೇ ಸತ್ತಿದ್ದರೆ ಅದನ್ನು ಮರಳಿ ತರುವ ಮದ್ದು ಇಲ್ಲ.

ಒಂದೆಲಗ ತಿಂದ್ರೆ ನೆನಪಿನ ಶಕ್ತಿ ಜಾಸ್ತಿ ಆಗುತ್ತಾ?

ಒಂದೆಲಗದ ತಂಬುಳಿ ನನಗೂ ಪ್ರಾಣ, ಆದ್ದರಿಂದ ಸ್ವಲ್ಪ ಪಕ್ಷಪಾತ ಇರಬಹುದು. ಬ್ರಾಹ್ಮಿ ಎಂಬ ಹೆಸರಿನಲ್ಲಿ ಎರಡು ಗಿಡ ಓಡಾಡುತ್ತವೆ, ಒಂದೆಲಗ ಒಂದು, ನೀರುಬ್ರಾಹ್ಮಿ ಇನ್ನೊಂದು. ನೀರುಬ್ರಾಹ್ಮಿಯ ಸಾರವನ್ನು ಸುಮಾರು ಮೂರು ತಿಂಗಳು ಕೊಟ್ಟು ನೋಡಿದ ಸಣ್ಣ ಪ್ರಯೋಗಗಳಲ್ಲಿ ಕೆಲವು ಪರೀಕ್ಷೆಗಳಲ್ಲಿ ಅಲ್ಪ ಲಾಭ ಕಂಡಿದೆ. ಅಮ್ನೇಶಿಯಾ ಗುಣವಾಗುತ್ತದೆ ಎಂಬುದಕ್ಕೆ ಆಧಾರವಿಲ್ಲ. ರುಚಿಗೆ ತಿನ್ನಿ.

ಮರೆತವರ ಜತೆ ಹೇಗೆ ಮಾತಾಡ್ಬೇಕು?

"ನಾನು ಯಾರು ಹೇಳು ನೋಡೋಣ" ಎಂಬ ಪರೀಕ್ಷೆ ನಿಲ್ಲಿಸಿ. ಬಂದ ನೆಂಟರೆಲ್ಲ ಇದನ್ನೇ ಮಾಡುತ್ತಾರೆ, ಸುಮ್ನೆ ಹಿಂಸೆ. "ಅತ್ತೆ, ನಾನು ಸೊರಬದ ಸುಮ, ನಿಮ್ಮ ತಮ್ಮನ ಮಗಳು" ಎಂದು ನೀವೇ ಹೇಳಿಬಿಡಿ. ಇದು ಬರೀ ಮರ್ಯಾದೆಯ ಮಾತಲ್ಲ. ಅಮ್ನೇಶಿಯಾದವರನ್ನು ಊಹಿಸಲು ಬಿಟ್ಟರೆ ಅವರು ತಪ್ಪು ಹೇಳುತ್ತಾರೆ, ತಪ್ಪು ಹೇಳಿದ್ದು ಅವರಿಗೆ ನೆನಪಿರುವುದಿಲ್ಲ, ಆದರೆ ಆ ತಪ್ಪೇ ನಾಲಿಗೆಗೆ ಅಂಟಿ ಮುಂದಿನ ಸಲವೂ ಅದೇ ಬರುತ್ತದೆ. ತಪ್ಪಿಗೆ ಅವಕಾಶ ಕೊಡದೆ ಕಲಿಸಿದರೆ ಹೆಚ್ಚು ಕಲಿಯುತ್ತಾರೆ ಎಂದು ಬ್ಯಾಡ್ಲಿ ಮತ್ತು ವಿಲ್ಸನ್ 1994ರಲ್ಲಿ ತೋರಿಸಿದ್ದಾರೆ. ಕನ್ನಡಕಕ್ಕೆ ಒಂದೇ ಜಾಗ, ಗೋಡೆಯಲ್ಲಿ ದಪ್ಪ ಅಕ್ಷರದ ಕ್ಯಾಲೆಂಡರ್, ಬಾಗಿಲ ಹಿಂದೆ ಸ್ಲೇಟು. ಇಷ್ಟು ಮಾಡಿ.

ಗದರಬೇಡಿ, ಅದು ಉಳಿಯುತ್ತದೆ. ಸ್ವಿಜರ್‌ಲೆಂಡಿನ ಡಾಕ್ಟರ್ ಕ್ಲಾಪರೆಡ್ ಒಮ್ಮೆ ಕೈಯಲ್ಲಿ ಗುಂಡುಪಿನ್ ಬಚ್ಚಿಟ್ಟುಕೊಂಡು ಇಂಥ ರೋಗಿಯೊಬ್ಬರ ಕೈ ಕುಲುಕಿದರು. ಆಮೇಲೆ ಆಕೆಗೆ ಅವರ ಗುರುತೂ ಇಲ್ಲ, ಪಿನ್ನಿನ ನೆನಪೂ ಇಲ್ಲ. ಆದರೆ ಅವರು ಕೈ ಚಾಚಿದಾಗ ಆಕೆ ಕೈ ಹಿಂದಕ್ಕೆ ಎಳೆದುಕೊಂಡರು.

## ಇನ್ನೂ ಆಳಕ್ಕೆ ಇಳಿಯುವವರಿಗೆ

ಹಾಗಾದ್ರೆ ಹೆಸರು ಊರು ಮರೆತು ಎಲ್ಲೋ ಹೋಗಿ ಬದುಕೋರು ಇರೋದೇ ಇಲ್ವಾ?

ಇದ್ದಾರೆ, ಅಪರೂಪ. ಅಮೆರಿಕದ ಆನ್ಸೆಲ್ ಬೋರ್ನ್ ಎಂಬ ಧರ್ಮಬೋಧಕ 1887ರ ಜನವರಿಯಲ್ಲಿ ಬ್ಯಾಂಕಿನಿಂದ 551 ಡಾಲರ್ ತೆಗೆದು ಕಾಣೆಯಾದ. ಪೆನ್ಸಿಲ್ವೇನಿಯಾದ ನಾರಿಸ್‌ಟೌನ್‌ನಲ್ಲಿ ಎ. ಜೆ. ಬ್ರೌನ್ ಎಂಬ ಹೆಸರಿನಲ್ಲಿ ಸಣ್ಣ ಅಂಗಡಿ ಇಟ್ಟ. ಮಾರ್ಚ್ 14ರ ಬೆಳಗ್ಗೆ ಎದ್ದು, ಇದು ಯಾವ ಊರು, ನಾನಿಲ್ಲಿ ಹೇಗೆ ಬಂದೆ ಎಂದು ಗಾಬರಿಬಿದ್ದ. ಮನೋವಿಜ್ಞಾನಿ ವಿಲಿಯಂ ಜೇಮ್ಸ್ 1890ರಲ್ಲಿ ಸಮ್ಮೋಹನ ಮಾಡಿದಾಗ ಬ್ರೌನ್‌ನ ನೆನಪುಗಳು ಹೊರಬಂದವು.

ಇಂಥದಕ್ಕೆ ಮೂಲ ಹೆಚ್ಚಾಗಿ ತಡೆಯಲಾರದ ಮನಸ್ಸಿನ ಒತ್ತಡ, ಮಿದುಳಿನ ಗಾಯ ಅಲ್ಲ. ಲಕ್ಷಣವೂ ಉಲ್ಟಾ, ತಾನು ಯಾರು ಎಂಬುದು ಹೋಗಿರುತ್ತದೆ, ಆದರೆ ಹೊಸದಾಗಿ ಅಂಗಡಿ ನಡೆಸುವಷ್ಟು ನೆನಪು ಚೆನ್ನಾಗಿ ಕಟ್ಟುತ್ತಿರುತ್ತದೆ. ಸಿನಿಮಾದವರು ಈ ಅಪರೂಪದ್ದನ್ನು ತೆಗೆದು ತಲೆಗೆ ಬೀಳುವ ಏಟಿಗೆ ಅಂಟಿಸಿದ್ದಾರೆ.

ನೆನಪು ಅಂದ್ರೆ ಮಿದುಳೊಳಗೆ ನಿಜವಾಗಿ ಏನು ಬದಲಾಗುತ್ತೆ?

ನರಕೋಶಗಳ ನಡುವಿನ ಸಂಪರ್ಕ. ಎರಿಕ್ ಕಾಂಡೆಲ್ ಇದಕ್ಕೆ ಆರಿಸಿಕೊಂಡದ್ದು ಏಪ್ಲಿಸಿಯಾ ಎಂಬ ಕಡಲ ಬಸವನಹುಳು, ಅದರಲ್ಲಿ ಇರುವುದೇ ಸುಮಾರು 20,000 ನರಕೋಶ, ಅವೂ ದಪ್ಪ ದಪ್ಪ. ಅದರ ಬಾಲಕ್ಕೆ ಒಮ್ಮೆ ಕರೆಂಟು ತಾಗಿಸಿದರೆ ಸ್ವಲ್ಪ ಹೊತ್ತು ಬೆದರಿರುತ್ತದೆ. ಇದ್ದ ಸಂಪರ್ಕಗಳಲ್ಲೇ ರಾಸಾಯನಿಕ ಜಾಸ್ತಿ ಸುರಿಯುತ್ತದೆ, ಅಷ್ಟೇ. ಬಿಡುವು ಕೊಟ್ಟು ಹಲವು ಸಲ ತಾಗಿಸಿದರೆ ಕೋಶದ ಜೀನುಗಳು ಎದ್ದು, ಹೊಸ ಪ್ರೋಟೀನ್ ತಯಾರಾಗಿ, ಹೊಸ ಸಂಪರ್ಕಗಳೇ ಬೆಳೆಯುತ್ತವೆ. ಅಂದರೆ ದೀರ್ಘ ನೆನಪಿಗೆ ಮಿದುಳಿನಲ್ಲಿ ಕಟ್ಟಡದ ಕೆಲಸ ಆಗಬೇಕು. 2000ದಲ್ಲಿ ಕಾಂಡೆಲ್‌ಗೆ ನೊಬೆಲ್ ಬಂತು. 2012ರಲ್ಲಿ ಎಂಐಟಿಯ ಸುಸುಮು ತೊನೆಗಾವಾ ತಂಡ ಇಲಿಗೆ ಒಂದು ಪೆಟ್ಟಿಗೆಯಲ್ಲಿ ಕರೆಂಟು ತಾಗಿಸಿ, ಅದರ ಹಿಪೊಕ್ಯಾಂಪಸ್ಸಿನಲ್ಲಿ ಆ ಭಯದ ನೆನಪಿಗೆ ಸೇರಿದ ಕೋಶಗಳನ್ನು ಗುರುತು ಹಾಕಿ, ಬೆಳಕು ಬಿಟ್ಟು ಅವನ್ನಷ್ಟೇ ಎಬ್ಬಿಸಿತು. ಕರೆಂಟೂ ಇಲ್ಲ, ಹಳೆಯ ಪೆಟ್ಟಿಗೆಯೂ ಇಲ್ಲ, ಇಲಿ ಹೆದರಿ ಕಲ್ಲಾಗಿ ನಿಂತಿತು.

ಅವಧಾನಿಗಳ ಮಿದುಳೇ ಬೇರೆ ಥರನಾ?

ಅಷ್ಟಾವಧಾನದಲ್ಲಿ ಎಂಟು ಪೃಚ್ಛಕರು, ಒಬ್ಬರು ಸಮಸ್ಯೆ ಕೊಡುತ್ತಾರೆ, ಒಬ್ಬರು ಅಕ್ಷರ ನಿಷೇಧಿಸುತ್ತಾರೆ, ಇನ್ನೊಬ್ಬರು ನಡುನಡುವೆ ಅಪ್ರಸ್ತುತ ಮಾತಾಡಿ ಕೆಣಕುತ್ತಾರೆ. ಅವಧಾನಿ ಪದ್ಯಗಳನ್ನು ಒಂದೊಂದೇ ಪಾದವಾಗಿ ಕಟ್ಟುತ್ತಾ ಕೊನೆಗೆ ಎಲ್ಲವನ್ನೂ ಧಾರಣೆಯಿಂದ ಒಪ್ಪಿಸುತ್ತಾರೆ. ಶತಾವಧಾನಿ ಆರ್. ಗಣೇಶ್ ಅವರ ಅವಧಾನ ನೋಡಿದವರಿಗೆ ಇದು ಗೊತ್ತು. ಇಲ್ಲಿ ಛಂದಸ್ಸೇ ದೊಡ್ಡ ಕೊಂಡಿ ಎಂದು ನನ್ನ ಅನಿಸಿಕೆ. ಎರಡನೇ ಅಕ್ಷರದ ಪ್ರಾಸ ಇದ್ದರೆ ಪ್ರತಿ ಸಾಲಿನ ಆರಂಭವೇ ಸುಳಿವು, ಗಣದ ಲೆಕ್ಕಕ್ಕೆ ಕೂರದ ಶಬ್ದ ತಾನಾಗಿ ಹೊರಬೀಳುತ್ತದೆ.

ಪಾಶ್ಚಾತ್ಯ ನೆನಪಿನ ಸ್ಪರ್ಧೆಯ ಚಾಂಪಿಯನ್ನರ ಮಿದುಳನ್ನು ಸ್ಕ್ಯಾನ್ ಮಾಡಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ರಚನೆಯಲ್ಲಿ ವಿಶೇಷ ಏನೂ ಸಿಗಲಿಲ್ಲ. ಅವರು ಬಳಸುವುದು ಪರಿಚಯದ ಮನೆಯ ಮೂಲೆಮೂಲೆಗೆ ಒಂದೊಂದು ವಿಷಯ ಇಟ್ಟು ಬರುವ ಹಳೆಯ ಉಪಾಯ, ಸಾಮಾನ್ಯರೂ ಆರು ವಾರ ದಿನಾ ಅರ್ಧ ಗಂಟೆ ಅಭ್ಯಾಸ ಮಾಡಿ ಅದರಲ್ಲಿ ಬಹಳ ಮುಂದೆ ಬಂದರು. ಲಂಡನ್ ಟ್ಯಾಕ್ಸಿ ಚಾಲಕರ ಕತೆ ಮಾತ್ರ ಬೇರೆ. ಸುಮಾರು 25,000 ಬೀದಿಗಳನ್ನು ಬಾಯಿಪಾಠ ಮಾಡುವ ಅವರ ಹಿಪೊಕ್ಯಾಂಪಸ್ಸಿನ ಹಿಂಭಾಗ ದೊಡ್ಡದಿದೆ ಎಂದು ಎಲಿನರ್ ಮ್ಯಾಗ್ವೈರ್ 2000ದಲ್ಲಿ ತೋರಿಸಿದರು. ಆದರೆ ಮುಂಭಾಗ ಚಿಕ್ಕದಾಗಿತ್ತು.

ಹಿಂದಿನದು ನೆನಪಿಲ್ಲದಿದ್ರೆ ಏನಂತೆ, ಮುಂದಿನದು ಯೋಚಿಸಿದ್ರಾಯ್ತಲ್ಲ?

ಅದೇ ಆಗುವುದಿಲ್ಲ. ಕೆನಡಾದ ಕೆ.ಸಿ. ಎಂಬ ರೋಗಿಗೆ 1981ರಲ್ಲಿ ಮೋಟಾರ್‌ಸೈಕಲ್ ಅಪಘಾತವಾಯಿತು. ಚೆಸ್ ಆಡಲು ಬರುತ್ತಿತ್ತು, ಪಂಕ್ಚರ್ ಆದ ಟೈರು ಬದಲಿಸುವುದು ಗೊತ್ತಿತ್ತು, ತನ್ನ ಅಣ್ಣ ತಮ್ಮಂದಿರಲ್ಲಿ ಒಬ್ಬ ತೀರಿಕೊಂಡದ್ದೂ ಗೊತ್ತಿತ್ತು. ಆದರೆ ಆ ಸುದ್ದಿ ಕೇಳಿದ ದಿನಕ್ಕೆ ಮನಸ್ಸಿನಲ್ಲಿ ಹೋಗಲು ಆಗುತ್ತಿರಲಿಲ್ಲ, ಇಡೀ ಬದುಕಿನ ಯಾವ ದಿನಕ್ಕೂ ಆಗುತ್ತಿರಲಿಲ್ಲ. ವಿಷಯದ ನೆನಪು ಬೇರೆ, ಅನುಭವದ ನೆನಪು ಬೇರೆ ಎಂದು 1972ರಲ್ಲೇ ಬರೆದಿದ್ದ ಎಂಡೆಲ್ ಟಲ್ವಿಂಗ್ ಈತನನ್ನು ನಾಳೆ ಏನು ಮಾಡುತ್ತೀಯ ಎಂದು ಕೇಳಿದರು. ನಿನ್ನೆಯ ಬಗ್ಗೆ ಕೇಳಿದಾಗ ಇದ್ದ ಖಾಲಿಯೇ ನಾಳೆಯ ಬಗ್ಗೆ ಕೇಳಿದಾಗಲೂ. ನಾಳೆಯನ್ನು ಕಟ್ಟುವುದಕ್ಕೂ ಸಾಮಾನು ನಿನ್ನೆಯ ರಾಶಿಯಿಂದಲೇ ಬರಬೇಕು.

ನಿಮ್ಮ ದೊಡ್ಡಪ್ಪನಿಗೆ ಆ ಬೆಳಗ್ಗೆಯದು ಆಮೇಲೆ ನೆನಪಾಯ್ತಾ?

ಇಲ್ಲ, ಆ ಆರು ಗಂಟೆ ಬರುವುದೂ ಇಲ್ಲ ಎಂದು ಡಾಕ್ಟರ್ ಅವತ್ತೇ ಹೇಳಿದ್ದರು. ಆದರೆ ಹೋದ ದೀಪಾವಳಿಗೆ ಊರಿಗೆ ಹೋದಾಗ ಅವರು ಜಗಲಿಯಲ್ಲಿ ಕೂತು ಬಂದವರಿಗೆಲ್ಲ ಆ ಕತೆ ಹೇಳುತ್ತಿದ್ದರು. ಹಾಲು ಡೈರಿಗೆ ಹೋಯ್ತಾ ಎಂದು ತಾನು ಕೇಳಿದ್ದು, ನಾನು ನೀಲಿ ಅಂಗಿಯಲ್ಲಿ ಓಡಿ ಬಂದು ಕಾರು ತೆಗೆದದ್ದು, ದಾರಿಯಲ್ಲಿ ರೈಲ್ವೆ ಗೇಟು ಬಿದ್ದದ್ದು. ಎಲ್ಲ ನಾನೇ ಹೇಳಿದ್ದು. ಅಂಗಿ ಮಾತ್ರ ಬಿಳಿಯದು. ಹಾಗಂತ ನನ್ನ ನೆನಪು.